ಸಂಬಳದ ಬಾಕಿಗೆ ಸಿಕ್ಕ ಹಳ್ಳಿ



ಈ ಸಲದ ಪಾಠಕ್ಕೆ ಪೋಲೆಂಡ್ ದೇಶದ ಕ್ರುಶಿನ್ಯಾನಿ ಎಂಬ ಸಣ್ಣ ಹಳ್ಳಿಯನ್ನು ಆರಿಸಿಕೊಂಡಿದ್ದೇನೆ.

ನೆಲೆ: ಯೂರೋಪಿನ ನಕ್ಷೆಯಲ್ಲಿ ಪೋಲೆಂಡಿನ ಈಶಾನ್ಯಕ್ಕೆ ಬಿಯಾಲಿಸ್ಟೋಕ್ ಪಟ್ಟಣವಿದೆ. ಅಲ್ಲಿಂದ ಪೂರ್ವಕ್ಕೆ ಬೆರಳು ಸರಿಸಿದರೆ, ಬೆಲಾರೂಸ್ ಗಡಿಗೆ ಕೆಲವೇ ಮೈಲಿ ಈಚೆಗೆ ಈ ಊರು. ಸುತ್ತಲೂ ಕಾಡು, ಹೊಲ, ಹುಲ್ಲುಗಾವಲು; ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಇತಿಹಾಸ: ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಲಿಥುವೇನಿಯದ ದೊರೆ ವೀತೌತಾಸನು ತಾತಾರ ಕುದುರೆ ಸವಾರರನ್ನು ತನ್ನ ರಾಜ್ಯದಲ್ಲಿ ನೆಲೆಗೊಳಿಸಿದನು. ಇವರು ಇಸ್ಲಾಂ ಧರ್ಮದವರು. 1569ರಲ್ಲಿ ಲಿಥುವೇನಿಯ ಮತ್ತು ಪೋಲೆಂಡ್ ಒಂದೇ ರಾಜ್ಯವಾದವು. ತಾತಾರರ ದಂಡಿನ ಚಾಕರಿ ಮುಂದುವರಿಯಿತು. ಮುಂದಿನ ಶತಮಾನದ ಯುದ್ಧಗಳಲ್ಲಿ ಬೊಕ್ಕಸ ಬರಿದಾಗಿ ಸಂಬಳ ನಿಂತಿತು, ಹಳೆಯ ಹಕ್ಕುಗಳಿಗೂ ಕುಂದು ಬಂತು. 1672ರಲ್ಲಿ ಅನೇಕ ತಾತಾರ ದಳಗಳು ತುರ್ಕಿ ಸುಲ್ತಾನನ ಪಕ್ಷ ಸೇರಿದವು. ದುಡಿದವನಿಗೆ ಕೂಲಿ ಸಲ್ಲದಿದ್ದರೆ ನಿಷ್ಠೆ ಎಷ್ಟು ದಿನ ಉಳಿದೀತು?

ದೊರೆ ಮೂರನೆಯ ಯಾನ್ ಸೊಬಿಯೆಸ್ಕಿ ಇದನ್ನು ಅರಿತನು. ಕೊಡಲು ಹಣವಿರಲಿಲ್ಲ, ನೆಲವಿತ್ತು. 1679ರಲ್ಲಿ ಬಾಕಿ ಸಂಬಳಕ್ಕೆ ಬದಲಾಗಿ ಊರುಗಳನ್ನು ಉಂಬಳಿ ಕೊಟ್ಟನು. ಕ್ರುಶಿನ್ಯಾನಿ ಸಾಮುಯೆಲ್ ಮುರ್ಜಾ ಕ್ಶೆಚೋವ್ಸ್ಕಿ ಎಂಬ ಸೇನಾಧಿಕಾರಿಗೂ ಅವನ ಸಂಗಡಿಗರಿಗೂ ಬಂತು. ನಾಲ್ಕೇ ವರ್ಷಗಳ ಮೇಲೆ, 1683ರ ವಿಯೆನ್ನಾ ಯುದ್ಧದಲ್ಲಿ, ತಾತಾರ ಸವಾರರು ಇದೇ ದೊರೆಯ ಕಡೆ ನಿಂತು ತುರ್ಕರ ಮೇಲೆ ಕಾದಿದರು.

ಮಸೀದಿ: ಊರಿನ ಹಸಿರು ಬಣ್ಣದ ಮಸೀದಿ ಪೂರಾ ಮರದ್ದು. ಎರಡು ಗೋಪುರಗಳಿರುವುದರಿಂದ ದೂರಕ್ಕೆ ಇಗರ್ಜಿಯೆಂದೇ ತೋರುತ್ತದೆ. ಹತ್ತಿರ ಹೋದರೆ ತುದಿಯಲ್ಲಿ ಅರ್ಧಚಂದ್ರ ಕಾಣುತ್ತದೆ. ಹೆಂಗಸರ ಪ್ರಾರ್ಥನೆಗೆ ಬೇರೆ ಕೋಣೆಯಿದೆ. ಸಮೀಪದ ಮರಗಳ ನೆರಳಿನ ಗೋರಿಸ್ಥಳದಲ್ಲಿ ಅರಬ್ಬಿ, ಪೋಲಿಷ್, ರಷ್ಯನ್ ಬರಹದ ಕಲ್ಲುಗಳಿವೆ. 2012ರಲ್ಲಿ ಸರ್ಕಾರ ಈ ಮಸೀದಿಯನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2014ರಲ್ಲಿ ಕಿಡಿಗೇಡಿಗಳು ಗೋಡೆಗೆ ಬಣ್ಣ ಬಳಿದು ಅವಮಾನ ಮಾಡಿದರು.

ಮಾತು: ತಾತಾರರು ತಮ್ಮ ಮೂಲ ಭಾಷೆಯನ್ನು ಶತಮಾನಗಳ ಹಿಂದೆಯೇ ಕಳೆದುಕೊಂಡು ನೆರೆಯವರ ಬೆಲರೂಸಿ, ಪೋಲಿಷ್ ಮಾತುಗಳನ್ನಾಡತೊಡಗಿದರು. ಲಿಪಿ ಮಾತ್ರ ಉಳಿಯಿತು: ಆ ಮಾತುಗಳನ್ನೇ ಅರಬ್ಬಿ ಅಕ್ಷರಗಳಲ್ಲಿ ಬರೆದು 'ಕಿತಾಬ್' ಎಂಬ ಧಾರ್ಮಿಕ ಗ್ರಂಥಗಳನ್ನು ರಚಿಸಿದರು. ಅಡಿಗೆಯೂ ಉಳಿಯಿತು. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಪದರಗಳಲ್ಲಿ ಮಾಂಸ ಸುತ್ತಿ ಬೇಯಿಸುವ 'ಪಿಯೆರೆಕಾಚೆವ್ನಿಕ್' ತಿನಿಸಿಗೆ 2009ರಲ್ಲಿ ಯೂರೋಪಿಯನ್ ಒಕ್ಕೂಟದ ಮನ್ನಣೆ ದೊರೆಯಿತು. ಊರಿನಲ್ಲಿ ಈಗಿರುವುದು ಕೆಲವೇ ತಾತಾರ ಮನೆಗಳು.

ಒಲೆಯ ರುಚಿ ತಾನಾಗಿ ಮಕ್ಕಳಿಗೆ ಇಳಿಯುತ್ತದೆ. ಮಾತನ್ನು ಆಡಿ ಕಲಿಸಬೇಕು. ಪರಸ್ಥಳದಲ್ಲಿ ಸಂಸಾರ ಹೂಡಿರುವ ನಾವು ಯೋಚಿಸತಕ್ಕ ವಿಷಯ.

ಅಭ್ಯಾಸ: ನಕ್ಷೆಯಲ್ಲಿ ಬಿಯಾಲಿಸ್ಟೋಕ್ ಮತ್ತು ವಿಯೆನ್ನಾ ಗುರುತಿಸಿ, ಸವಾರರು ಎಷ್ಟು ದೂರ ಹೋಗಿರಬೇಕೆಂದು ಅಳೆಯಿರಿ.