ಯಾವುದು ಹೆಚ್ಚು ಪ್ರಿಯ?

ಮನುಷ್ಯನ ಆಸೆಗೆ ಮಿತಿಯಿಲ್ಲ. ಬಾಡಿಗೆ ಮನೆಯಲ್ಲಿರುವವನಿಗೆ ಸ್ವಂತ ಸೂರೊಂದಾದರೆ ಸಾಕೆನಿಸುತ್ತದೆ. ಸೂರಾದ ಮೇಲೆ ಮಾಳಿಗೆ ಬೇಕು, ಮಾಳಿಗೆಯಾದ ಮೇಲೆ ಅಂಗಳದಲ್ಲೊಂದು ಕಾರು ಬೇಕು. ಒಂದು ಅಂಗಡಿಯಿದ್ದವನಿಗೆ ಎರಡಾಗಬೇಕು. ಆದಮರ ಸಂತತಿಗೆ ಎರಡು ಕಣಿವೆ ತುಂಬ ಸಂಪತ್ತು ದೊರೆತರೂ ಅವನು ಮೂರನೆಯದನ್ನು ಬಯಸುವನೆಂದೂ ಕೊನೆಗೆ ಅವನ ಹೊಟ್ಟೆ ತುಂಬುವುದು ಮಣ್ಣಿನಿಂದಲೇ ಎಂದೂ ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ.

ಹಾಗಾದರೆ ಈ ಹೃದಯ ತುಂಬುವುದು ಯಾವುದರಿಂದ? ಹೃದಯಗಳಿಗೆ ನೆಮ್ಮದಿ ಇರುವುದು ಅಲ್ಲಾಹನ ಸ್ಮರಣೆಯಲ್ಲಿ ಎಂಬುದು ಪವಿತ್ರ ಕುರ್‌ಆನಿನ ಉತ್ತರ (ಅರ್‍ರಅದ್: 28). ಈ ಸೂಕ್ತ ನಮ್ಮಲ್ಲಿ ಬಹಳ ಮಂದಿಗೆ ಕಂಠಪಾಠ. ಆದರೂ ಬೆರಳುಗಳು ತಸ್ಬೀಹ್ ಎಣಿಸುತ್ತಿರುವಾಗ ಮನಸ್ಸು ಅಂಗಡಿಯ ಲೆಕ್ಕ ಎಣಿಸುತ್ತಿರುತ್ತದೆ. ನಾಲಿಗೆ ಸ್ಮರಿಸುವುದು ಒಬ್ಬನನ್ನು, ಹೃದಯ ಪ್ರೀತಿಸುವುದು ಇನ್ನೊಂದನ್ನು. ಹೀಗಿರುವಾಗ ನೆಮ್ಮದಿ ಎಲ್ಲಿಂದ ಬರಬೇಕು? ಸ್ಮರಣೆಯ ಬೇರು ಇರುವುದು ಪ್ರೀತಿಯಲ್ಲಿ. ಆದ್ದರಿಂದ ಮೊದಲು ಪರೀಕ್ಷಿಸಬೇಕಾದುದು ಪ್ರೀತಿಯನ್ನು.

ಈ ಪರೀಕ್ಷೆಗೆ ಅತ್ತೌಬ ಅಧ್ಯಾಯದ 24ನೇ ಸೂಕ್ತ ಒಂದು ತಕ್ಕಡಿಯಂತಿದೆ. ಅದರ ಒಂದು ತಟ್ಟೆಯಲ್ಲಿ ಎಂಟು ವಸ್ತುಗಳಿವೆ: ತಂದೆಯಂದಿರು, ಮಕ್ಕಳು, ಸಹೋದರರು, ಬಾಳಸಂಗಾತಿಗಳು, ಬಂಧುಬಳಗ, ಸಂಪಾದಿಸಿದ ಸೊತ್ತು, ನಷ್ಟವಾದೀತೆಂಬ ಭಯವಿರುವ ವ್ಯಾಪಾರ ಮತ್ತು ಮೆಚ್ಚಿಕೊಂಡ ಮನೆಗಳು. ಇನ್ನೊಂದು ತಟ್ಟೆಯಲ್ಲಿರುವುದು ಮೂರು: ಅಲ್ಲಾಹ್, ಅವನ ಸಂದೇಶವಾಹಕರು ಮತ್ತು ಅವನ ಮಾರ್ಗದಲ್ಲಿನ ಹೋರಾಟ. ಮೊದಲ ತಟ್ಟೆ ಭಾರವಾದರೆ ಅಲ್ಲಾಹನ ತೀರ್ಮಾನಕ್ಕಾಗಿ ಕಾಯಿರೆಂಬ ಗಂಭೀರ ಎಚ್ಚರಿಕೆ ಅಲ್ಲಿದೆ.

ಈ ಎಂಟರಲ್ಲಿ ನಿಷಿದ್ಧವಾದುದು ಯಾವುದು? ಒಂದೂ ಇಲ್ಲ. ಎಲ್ಲವೂ ಅಲ್ಲಾಹನೇ ಕೊಟ್ಟ ಅನುಗ್ರಹಗಳು. ಸೂಕ್ತದಲ್ಲಿ ಬಂದಿರುವ ಪದ ‘ಅಹಬ್ಬ’. ಅರಬಿ ವ್ಯಾಕರಣದಲ್ಲಿ ಇದು ಹೋಲಿಕೆಯ ರೂಪ. ‘ಪ್ರಿಯ’ ಎಂದಲ್ಲ, ‘ಹೆಚ್ಚು ಪ್ರಿಯ’ ಎಂದು ಅದರರ್ಥ. ಮಕ್ಕಳನ್ನು ಪ್ರೀತಿಸಬೇಡಿ, ಮನೆಯನ್ನು ಮೆಚ್ಚಬೇಡಿ ಎಂದು ಇಸ್ಲಾಮ್ ಹೇಳುವುದಿಲ್ಲ. ಅವು ಅಲ್ಲಾಹನಿಗಿಂತ ಮೇಲೆ ಕೂರಬಾರದು ಎನ್ನುತ್ತದೆ, ಅಷ್ಟೆ.

ಹಿಜರಿ 10ರಲ್ಲಿ ಪ್ರವಾದಿವರ್ಯರ(ಸ) ಹಾಲು ಕುಡಿಯುವ ಮಗು ಇಬ್ರಾಹೀಮ್ ತೀರಿಕೊಂಡ ಸಂದರ್ಭವನ್ನು ನೆನಪಿಸಿಕೊಳ್ಳಿ. ಮಗು ಕಮ್ಮಾರ ಅಬೂ ಸೈಫ್‌ರ ಮನೆಯಲ್ಲಿ ಬೆಳೆಯುತ್ತಿತ್ತು. ಕೊನೆಯುಸಿರೆಳೆಯುತ್ತಿದ್ದ ಕಂದನನ್ನು ಕಂಡು ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಹರಿದವು. ತಾವೂ ಅಳುತ್ತೀರಾ ಎಂದು ಹ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟರು. ಇದು ಕಾರುಣ್ಯ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಕಣ್ಣು ಅತ್ತಿತು, ಹೃದಯ ನೊಂದಿತು. ಆದರೆ ಪ್ರಭುವಿಗೆ ಮೆಚ್ಚಿಕೆಯಾಗದ ಒಂದು ಮಾತೂ ಬಾಯಿಂದ ಹೊರಡಲಿಲ್ಲ. ಅಲ್ಲಾಹನನ್ನು ಪ್ರೀತಿಸುವವನು ಕಲ್ಲಾಗುವುದಿಲ್ಲ. ಅವನೂ ಕಳೆದುಕೊಳ್ಳುತ್ತಾನೆ, ಅಳುತ್ತಾನೆ. ಆದರೆ ಕುಸಿದು ಬೀಳುವುದಿಲ್ಲ. ಏಕೆಂದರೆ ಅವನ ಅತ್ಯಂತ ಪ್ರಿಯವಾದುದು ಸಾಯುವಂತಹದ್ದಲ್ಲ.

ಅದೇ ಸೂಕ್ತದಲ್ಲಿ ವ್ಯಾಪಾರದ ಜೊತೆಗೆ ಭಯದ ಮಾತು ಬಂದಿರುವುದನ್ನೂ ಗಮನಿಸಿ. ಲೋಕದ ವಸ್ತುಗಳ ಮೇಲಿನ ಪ್ರೀತಿ ಎಂದೂ ಒಂಟಿಯಾಗಿ ಬರುವುದಿಲ್ಲ, ಕಳೆದುಕೊಳ್ಳುವ ಭಯವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಲಾಭ ಬಂದ ದಿನವೂ ವ್ಯಾಪಾರಿಗೆ ನಾಳೆಯ ಚಿಂತೆ. ಇಂತಹ ಪ್ರೀತಿಯಲ್ಲಿ ಸಂತೃಪ್ತಿಯನ್ನು ಹುಡುಕುವುದು ತೂತು ಕೊಡದಲ್ಲಿ ನೀರು ಹೊತ್ತಂತೆ.

ಈ ಭಯದಿಂದ ಬಿಡುಗಡೆ ಪಡೆದವರ ಒಂದು ಉದಾಹರಣೆ ಹ. ಅಬೂ ತಲ್ಹಾ(ರ). ಮದೀನಾದ ಅನ್ಸಾರ್‌ಗಳಲ್ಲಿ ಅತಿ ಹೆಚ್ಚು ಖರ್ಜೂರದ ತೋಟಗಳಿದ್ದವರು ಅವರು. ಅವುಗಳಲ್ಲಿ ಮಸೀದಿಯ ಎದುರಿನ ‘ಬೈರುಹಾ’ ಅವರ ಅಚ್ಚುಮೆಚ್ಚಿನ ತೋಟ. ಪ್ರವಾದಿವರ್ಯರೂ(ಸ) ಅಲ್ಲಿಗೆ ಹೋಗಿ ಅದರ ಸಿಹಿನೀರು ಕುಡಿಯುತ್ತಿದ್ದರು. ಪ್ರಿಯವಾದುದನ್ನು ಖರ್ಚು ಮಾಡದೆ ಪುಣ್ಯವನ್ನು ತಲುಪಲಾಗದು ಎಂಬ ಸೂಕ್ತ (ಆಲಿ ಇಮ್ರಾನ್: 92) ಅವತೀರ್ಣವಾದಾಗ ಅಬೂ ತಲ್ಹಾ(ರ) ನೇರವಾಗಿ ಬಂದು ಆ ತೋಟವನ್ನೇ ಅಲ್ಲಾಹನಿಗಾಗಿ ಒಪ್ಪಿಸಿದರು. ಪ್ರವಾದಿವರ್ಯರು(ಸ) ಅದನ್ನು ಲಾಭದ ಸೊತ್ತೆಂದು ಹೊಗಳಿದರು. ಅದನ್ನು ಸಂಬಂಧಿಕರಿಗೆ ಹಂಚುವಂತೆ ಸೂಚಿಸಿದರು. ಅವರು ಹಾಗೆಯೇ ಮಾಡಿದರು.

ಇಲ್ಲೊಂದು ದೊಡ್ಡ ಪಾಠವಿದೆ. ತೋಟ ‘ಸೊತ್ತು’, ಸಂಬಂಧಿಕರು ‘ಬಂಧುಬಳಗ’. ಎರಡೂ ಆ ಎಂಟರ ಪಟ್ಟಿಯಲ್ಲಿರುವವುಗಳೇ. ಅಲ್ಲಾಹನ ಪ್ರೀತಿಗಾಗಿ ಬಿಟ್ಟುಕೊಟ್ಟದ್ದು ಬಂಧುಗಳ ಮನೆ ಸೇರಿತು. ದೇವಪ್ರೇಮವು ಸಂಬಂಧಗಳನ್ನು ಕಡಿಯುವುದಿಲ್ಲ, ಅವುಗಳನ್ನು ಗಟ್ಟಿಗೊಳಿಸುತ್ತದೆ. ಸಂಬಂಧಗಳನ್ನು ಕಡಿಯುವುದು ಸೊತ್ತಿನ ಪ್ರೀತಿ.

ನಮ್ಮ ಮನೆಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡೋಣ. ತಂದೆ ತೀರಿಕೊಂಡ ಮೇಲೆ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೆಂದು ಅಲ್ಲಾಹನೇ ನಿಗದಿಪಡಿಸಿದ್ದಾನೆ (ಅನ್ನಿಸಾ: 11). ಅದು ಅಣ್ಣತಮ್ಮಂದಿರ ಔದಾರ್ಯವಲ್ಲ, ಅವರ ಹಕ್ಕು. ಆದರೂ ಎಷ್ಟು ಮನೆಗಳಲ್ಲಿ ಅದು ಕೈಸೇರುತ್ತದೆ? ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎನ್ನುತ್ತಾರೆ. ‘ತಂಗಿ ಕೇಳಲೇ ಇಲ್ಲ’ ಎನ್ನುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ಬಾಯಿ ತೆರೆದಿರುವುದಿಲ್ಲ. ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡುವವನು, ದಾನಧರ್ಮಕ್ಕೆ ಹೆಸರಾದವನು ಈ ಒಂದು ಜಾಗದಲ್ಲಿ ಎಡವುತ್ತಾನೆ. ಅಬೂ ತಲ್ಹಾ(ರ) ತನ್ನದನ್ನು ಬಂಧುಗಳಿಗೆ ಕೊಟ್ಟರು. ಇವನು ಬಂಧುಗಳದ್ದನ್ನೇ ತನ್ನದೆಂದು ಇಟ್ಟುಕೊಂಡಿದ್ದಾನೆ. ಆ ಹತ್ತು ಸೆಂಟ್ಸ್ ಜಾಗ ಅವನಿಗೆ ಅಲ್ಲಾಹನಿಗಿಂತ ‘ಹೆಚ್ಚು ಪ್ರಿಯ’ವಾಗಿದೆ ಎಂದಲ್ಲದೆ ಇದಕ್ಕೆ ಬೇರೇನರ್ಥ?

ಅಲ್ಲಾಹನ ಪ್ರೀತಿಗೆ ದಾರಿ ಯಾವುದು? ಪ್ರವಾದಿವರ್ಯರ(ಸ) ಅನುಸರಣೆಯೇ ದಾರಿ ಎನ್ನುತ್ತದೆ ಕುರ್‌ಆನ್ (ಆಲಿ ಇಮ್ರಾನ್: 31). ಕಡ್ಡಾಯ ಕರ್ಮಗಳನ್ನು ಪೂರೈಸಿ, ಐಚ್ಛಿಕ ಕರ್ಮಗಳಿಂದ ದಾಸನು ಹತ್ತಿರವಾಗುತ್ತ ಹೋದಂತೆ ಅಲ್ಲಾಹನು ಅವನನ್ನು ಪ್ರೀತಿಸತೊಡಗುತ್ತಾನೆಂದು ಬುಖಾರಿಯ ಹದೀಸ್ ಕಲಿಸುತ್ತದೆ. ಕ್ರಮವನ್ನು ಗಮನಿಸಿ: ಮೊದಲು ಕಡ್ಡಾಯ, ಆಮೇಲೆ ಐಚ್ಛಿಕ. ತಂಗಿಯ ಪಾಲನ್ನು ತಡೆಹಿಡಿದು ಬಡವರಿಗೆ ಅನ್ನ ಹಾಕುವವನು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾನೆ.

ಕೊಟ್ಟರೆ ಕಡಿಮೆಯಾಗುತ್ತದೆಂಬುದು ಲೋಕದ ಲೆಕ್ಕ. ಒಮ್ಮೆ ಪ್ರವಾದಿವರ್ಯರ(ಸ) ಮನೆಯಲ್ಲಿ ಆಡು ಕೊಯ್ದು ಹಂಚಿದಾಗ, ಮುಂಗಾಲಿನ ಭಾಗವೊಂದೇ ಉಳಿದಿದೆ ಎಂದರು ಹ. ಆಯಿಶಾ(ರ). ಅದೊಂದನ್ನು ಬಿಟ್ಟು ಉಳಿದುದೆಲ್ಲ ಉಳಿದಿದೆ ಎಂದು ಪ್ರವಾದಿವರ್ಯರು(ಸ) ತಿದ್ದಿದರೆಂದು ತಿರ್ಮಿದಿಯಲ್ಲಿದೆ. ಈ ಲೆಕ್ಕ ಮನಸ್ಸಿಗೆ ಇಳಿದವನಿಗೆ ನಷ್ಟದ ಭಯವಿಲ್ಲ. ಅವನ ಕೈಯಲ್ಲಿ ಲೋಕವಿರಬಹುದು, ಹೃದಯದಲ್ಲಿ ಲೋಕದ ಒಡೆಯನಿರುತ್ತಾನೆ.

ಇಂದು ಇಶಾ ನಮಾಝಿನ ಬಳಿಕ ಒಂದು ಕ್ಷಣ ಕುಳಿತು ಆ ಎಂಟನ್ನೂ ಒಂದೊಂದಾಗಿ ನೆನೆಯಿರಿ. ಯಾವುದರ ಹೆಸರು ಬಂದಾಗ ಮನಸ್ಸು ತಡವರಿಸುತ್ತದೋ ಚಿಕಿತ್ಸೆ ಆರಂಭವಾಗಬೇಕಾದುದು ಅಲ್ಲಿಂದ. ಯಾರದಾದರೂ ಹಕ್ಕು ನಮ್ಮ ಬಳಿ ಉಳಿದಿದ್ದರೆ ಅದನ್ನು ಹಿಂದಿರುಗಿಸಲು ನಾಳೆಯವರೆಗೆ ಕಾಯುವ ಅಗತ್ಯವಿಲ್ಲ.

ಅಲ್ಲಾಹನು ತನ್ನ ಪ್ರೀತಿಯನ್ನು ನಮಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾಗಿಸಲಿ. ಆಮೀನ್.