ಮಗು ತಾನೇ ತಿನ್ನುವಾಗ ಓಕರಿಸಿದರೆ

ಮಗುವಿಗೆ ಸುಮಾರು 6 ತಿಂಗಳಾದಾಗ ಘನ ಆಹಾರ ಆರಂಭಿಸಿ ಎಂಬುದು ಇಲ್ಲಿ ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ನೀಡುವ ಸಲಹೆ. ಊರಿನಿಂದ ಬಂದ ಅಜ್ಜಿ ರಾಗಿ ಸರಿ ಮಾಡಿ ತಿನ್ನಿಸಲು ಕೂತರೆ, ಸೊಸೆ ಬೆಂದ ಕ್ಯಾರೆಟ್ ತುಂಡನ್ನು ಮಗುವಿನ ಕೈಗೇ ಕೊಡುತ್ತಾಳೆ. 'ಬೇಬಿ-ಲೆಡ್ ವೀನಿಂಗ್' ಎಂಬ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಿಲ್ ರೇಪ್ಲಿ. ಆದರೆ ಎರಡನೇ ತುತ್ತಿಗೆ ಮಗು ಓಕರಿಸಿತೆಂದರೆ ಮನೆಯೆಲ್ಲ ಗಾಬರಿ!

ಓಕರಿಕೆಯೇ ಬೇರೆ, ಉಸಿರುಗಟ್ಟುವುದೇ ಬೇರೆ. ದೊಡ್ಡವರಿಗೆ ಓಕರಿಕೆ ಬರಿಸುವ ಜಾಗ ನಾಲಿಗೆಯ ಹಿಂಭಾಗದಲ್ಲಿದೆ; ಈ ವಯಸ್ಸಿನ ಮಕ್ಕಳಲ್ಲಿ ಅದು ಇನ್ನೂ ಮುಂದಿರುತ್ತದೆ. ಹೀಗಾಗಿ ತುಂಡು ಗಂಟಲಿಗೆ ಇಳಿಯುವ ಮೊದಲೇ ಮಗು ಅದನ್ನು ಹೊರಕ್ಕೆ ತಳ್ಳುತ್ತದೆ. ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ಶಬ್ದ ಮಾಡುತ್ತದೆ. ಆಗ ಬೆನ್ನು ಗುದ್ದಬೇಡಿ, ಬಾಯಿಗೆ ಬೆರಳು ಹಾಕಬೇಡಿ. ತುಂಡು ಒಳಕ್ಕೆ ಜಾರಬಹುದು. ಪಕ್ಕದಲ್ಲೇ ಇದ್ದು ಗಮನಿಸಿ.

ಅಪಾಯದ ಗುರುತು ಮೌನ. ಮಗುವಿಗೆ ಅಳಲೂ ಕೆಮ್ಮಲೂ ಆಗದೆ ತುಟಿ ನೀಲಿಯಾಗುತ್ತಿದ್ದರೆ ತಡಮಾಡಬೇಡಿ. ತೊಡೆಯ ಮೇಲೆ ತಲೆ ತಗ್ಗಿರುವಂತೆ ಬೋರಲು ಮಲಗಿಸಿ, ಹೆಗಲಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ 5 ಸಲ ಒತ್ತಿ. ಆಗಲೂ ಬರದಿದ್ದರೆ 999ಕ್ಕೆ ಕರೆಮಾಡಿ, ನೆರವು ಬರುವವರೆಗೂ ಇವೆರಡನ್ನೂ ಮುಂದುವರಿಸಿ.

ಮಗುವನ್ನು ನೆಟ್ಟಗೆ ಕೂರಿಸಿಯೇ ಉಣಿಸಿ, ಒಂಟಿಯಾಗಿ ಬಿಡಬೇಡಿ. ತುಂಡು ಬೆರಳಲ್ಲಿ ಅಮುಕಿದರೆ ನುಜ್ಜಾಗುವಷ್ಟು ಮೆತ್ತಗಿರಲಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಇಡೀ ಕಡಲೆಬೀಜ, ಗೋಡಂಬಿ 5 ವರ್ಷ ತುಂಬುವವರೆಗೆ ಬೇಡ.

ಅಜ್ಜಿಯ ರಾಗಿ ಸರಿಯೂ ಇರಲಿ, ಸೊಸೆಯ ಕ್ಯಾರೆಟ್ಟೂ ಇರಲಿ. ಆದರೆ ಮಗುವನ್ನು ನೋಡಿಕೊಳ್ಳುವವರೆಲ್ಲ ಒಮ್ಮೆ ಶಿಶು ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಿಬನ್ನಿ.