ನಕ್ಷತ್ರ ಕಲಿಸಿದ ಸ್ವಭಾವ

ಜಾತಕ ಹಿಡಿದು ಜೋಯಿಸರ ಮನೆಗೆ ಹೋಗುತ್ತಿದ್ದವರು ಕೇಳುತ್ತಿದ್ದದ್ದು ಮುಂದೆ ನಡೆಯುವುದರ ಬಗ್ಗೆ. ಮಗಳಿಗೆ ಕಂಕಣಬಲ ಯಾವಾಗ, ಸಂತಾನಯೋಗ ಉಂಟೇ, ಕೋರ್ಟಿನ ವ್ಯಾಜ್ಯ ನಮ್ಮ ಕಡೆ ಆದೀತೇ. ವರಾಹಮಿಹಿರನ ಬೃಹಜ್ಜಾತಕದಲ್ಲಿ ನಕ್ಷತ್ರಕ್ಕೊಂದು, ರಾಶಿಗೊಂದು ಸ್ವಭಾವವರ್ಣನೆ ಇದೆ, ನಿಜ. ಆದರೆ ಅದನ್ನು ತಿಳಿಯಲೆಂದೇ ಹೋಗುತ್ತಿದ್ದವರು ಕಡಿಮೆ. ಈಗ ಪ್ರಶ್ನೆ ತಿರುಗಿದೆ. ಹುಟ್ಟಿದ ದಿನ, ಗಂಟೆ, ಊರು ಕೊಟ್ಟರೆ ಮೊಬೈಲು ಕ್ಷಣದಲ್ಲಿ ಕುಂಡಲಿ ಹಾಕಿಕೊಡುತ್ತದೆ. ಅದನ್ನು ಮುಂದಿಟ್ಟುಕೊಂಡು ಓದಿದವರು, ಕೆಲಸದಲ್ಲಿರುವವರು ‘ನಾನು ಯಾಕೆ ಹೀಗೆ?’ ಎಂದು ಕೇಳುತ್ತಿದ್ದಾರೆ. ಸಂಬಂಧ ಯಾಕೆ ನಿಲ್ಲುವುದಿಲ್ಲ, ಸಿಟ್ಟು ಯಾಕೆ ಇಷ್ಟು ಬೇಗ ಬರುತ್ತದೆ, ನಾಲ್ಕು ಜನರೆದುರು ಬಾಯಿ ಯಾಕೆ ಕಟ್ಟುತ್ತದೆ? ಈ ತಿರುವಿಗೆ ಇಂಗ್ಲೆಂಡಿನಲ್ಲೊಂದು ಚರಿತ್ರೆಯಿದೆ. ಅಲ್ಲಿ ಥಿಯಾಸಫಿಸ್ಟ್ ಆಗಿದ್ದ ಜ್ಯೋತಿಷಿ ಅಲನ್ ಲಿಯೋ ಮೇಲೆ ಭವಿಷ್ಯ ಹೇಳಿದ ಆರೋಪದಲ್ಲಿ 1914ರಲ್ಲೊಮ್ಮೆ, 1917ರಲ್ಲೊಮ್ಮೆ ಮೊಕದ್ದಮೆ ನಡೆಯಿತು. ಎರಡನೆಯದರಲ್ಲಿ ದಂಡ ಬಿತ್ತು. ನಡೆಯಲಿರುವ ಘಟನೆ ಹೇಳುವುದರಿಂದ ಮನುಷ್ಯನ ಪ್ರವೃತ್ತಿ ಹೇಳುವ ಕಡೆಗೆ ಜ್ಯೋತಿಷ್ಯವನ್ನು ಹೊರಳಿಸಿದವರಲ್ಲಿ ಅವನು ಪ್ರಮುಖ. ಘಟನೆ ಹೇಳಿದರೆ ಅದು ಸುಳ್ಳಾದಾಗ ಎಲ್ಲರಿಗೂ ಕಾಣುತ್ತದೆ. ಪ್ರವೃತ್ತಿ ಹೇಳಿದರೆ ಸುಳ್ಳಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಂಚಾಂಗ ನೋಡಿ ಕುಂಡಲಿ ಹಾಕುವ ವಿದ್ಯೆಯ ಜೊತೆ ಒಡನಾಡುತ್ತ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಜಾತಕದಲ್ಲಿ ನಮಗೆ ಸಿಗುವ ‘ನಾನು’ ಬಹುಮಟ್ಟಿಗೆ ಜಾತಕ ಕೇಳಿ ನಾವು ಕಲಿತುಕೊಂಡ ‘ನಾನು’. ಗ್ರಹಗಳು ಸ್ವಭಾವ ಕೊಡುತ್ತವೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಗ್ರಹಗಳ ಹೆಸರಿನಲ್ಲಿ ಆಡಿದ ಮಾತು ಸ್ವಭಾವ ಕೊಡುತ್ತದೆ ಎನ್ನುವುದಕ್ಕೆ ಸಿಕ್ಕಿದೆ. ಹಾಗಾಗಿ ಜಾತಕ ಸುಳ್ಳೋ ನಿಜವೋ ಎಂಬ ಹಳೆಯ ಜಗಳಕ್ಕಿಂತ ಅದನ್ನು ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಧ್ವನಿಯಲ್ಲಿ ಓದಿ ಹೇಳುತ್ತೇವೆ ಎಂಬುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

‘ನನಗಂತೂ ಅಕ್ಷರಶಃ ಸರಿಹೋಯಿತು’ ಎನ್ನುವ ಮಾತಿನಿಂದಲೇ ಶುರುಮಾಡೋಣ, ಯಾಕೆಂದರೆ ಹೇಳುವವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರದೇ ಎಂದು ಒಂದು ವರ್ಣನೆ ಹಂಚಿದ. 39 ಜನ ಅದನ್ನು ಓದಿ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಹಾಳೆ. ಅದರ ವಾಕ್ಯಗಳನ್ನು ಅವನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದಿದ್ದ. ಹೊರಗೆ ಧೈರ್ಯ, ಒಳಗೆ ಅಳುಕು. ಕೆಲವೊಮ್ಮೆ ಜನ ಬೇಕು, ಕೆಲವೊಮ್ಮೆ ಯಾರೂ ಬೇಡ. ಇರುವ ಶಕ್ತಿ ಪೂರ್ತಿ ಬಳಕೆಯಾಗಿಲ್ಲ. ಇಂಥ ಮಾತು ಯಾರಿಗೆ ಹೊಂದುವುದಿಲ್ಲ? ಓದುವವರೇ ತಮ್ಮ ಬದುಕಿನಿಂದ ಒಂದೊಂದು ಉದಾಹರಣೆ ತೆಗೆದು ಅದಕ್ಕೆ ತುಂಬುತ್ತಾರೆ, ತುಂಬಿದ್ದು ತಾವೇ ಎಂಬುದು ಅವರಿಗೆ ತಿಳಿಯುವುದಿಲ್ಲ. ಸರಿಹೋಯಿತು ಎನ್ನುವ ಅನುಭವ ನಿಜ, ಆದರೆ ಅದು ಸಾಕ್ಷಿಯಾಗುವುದಿಲ್ಲ.

ಇದಕ್ಕೆ ಬಲ್ಲ ಜ್ಯೋತಿಷಿಗಳ ಉತ್ತರವೊಂದಿದೆ, ಅದನ್ನು ಗೌರವದಿಂದ ಕೇಳಬೇಕು. ಪತ್ರಿಕೆಯ ರಾಶಿಫಲ, ಅಂಗಡಿಯ ಪುಸ್ತಕ ಇವು ಶಾಸ್ತ್ರವಲ್ಲ. ಲಗ್ನ, ಭಾವ, ದೃಷ್ಟಿ, ನವಾಂಶ, ದಶೆ ಎಲ್ಲವನ್ನೂ ತೂಗಿ ನೋಡಿದರೆ ಮಾತ್ರ ಒಬ್ಬನ ಜಾತಕ ಇನ್ನೊಬ್ಬನದರಿಂದ ಬೇರೆಯಾಗುತ್ತದೆ ಎನ್ನುತ್ತಾರೆ. ಪೂರ್ಣ ಕುಂಡಲಿ ಇಟ್ಟುಕೊಂಡ ಪರೀಕ್ಷೆಗಳೂ ನಡೆದಿವೆ. ಶಾನ್ ಕಾರ್ಲ್‌ಸನ್ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜ್ಯೋತಿಷಿಗಳಿಗೆ ಒಂದು ಕುಂಡಲಿ ಮತ್ತು ಮೂರು ವ್ಯಕ್ತಿತ್ವ ವರದಿ ಕೊಟ್ಟು, ಕುಂಡಲಿ ಯಾರದೋ ಅವರ ವರದಿಯನ್ನು ಆರಿಸಲು ಹೇಳಲಾಯಿತು. ಅರ್ಧದಷ್ಟಾದರೂ ಸರಿಯಾಗುತ್ತದೆಂದು ಅವರು ನಂಬಿದ್ದರು. ಸರಿಯಾದದ್ದು ಸುಮಾರು ಮೂರನೇ ಒಂದು ಪಾಲು, ಕಣ್ಣುಮುಚ್ಚಿ ಆರಿಸಿದರೂ ಅಷ್ಟೇ ಆಗುತ್ತಿತ್ತು. ಆ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ ಆಕ್ಷೇಪ ಎತ್ತಿದವರಿದ್ದಾರೆ. ಪರೀಕ್ಷೆ ಪಾಶ್ಚಾತ್ಯ ಪದ್ಧತಿಯದು, ನಮ್ಮದಲ್ಲ ಎನ್ನುವುದಕ್ಕೂ ಜಾಗವಿದೆ. ಅದಕ್ಕೇ ಪುಣೆಯಲ್ಲಿ ನಡೆದ ಒಂದು ಪರೀಕ್ಷೆ ನನಗೆ ಹೆಚ್ಚು ಮುಖ್ಯ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ವಿಚಾರವಾದಿಗಳಾದ ನರೇಂದ್ರ ದಾಭೋಲ್ಕರ್, ಪ್ರಕಾಶ ಘಾಟ್ಪಾಂಡೆ ಸೇರಿ 200 ಮಕ್ಕಳ ಜನ್ಮವಿವರ ಸಂಗ್ರಹಿಸಿದರು. 100 ಮಕ್ಕಳು ಓದಿನಲ್ಲಿ ಚುರುಕು, 100 ಮಕ್ಕಳು ಬುದ್ಧಿಮಾಂದ್ಯರು. 40 ಕುಂಡಲಿಗಳನ್ನು ನೋಡಿ ಯಾವುದು ಯಾವ ಗುಂಪಿನದು ಎಂದು ಹೇಳಿ ಕಳಿಸಿದ ಜ್ಯೋತಿಷಿಗಳು 27 ಮಂದಿ. ಅವರ ಉತ್ತರಗಳಲ್ಲಿ ಸರಿಯಾದದ್ದು ಶೇಕಡ 46. ನಾಣ್ಯ ಚಿಮ್ಮಿದ್ದರೆ 50 ಬರಬೇಕು. ಬುದ್ಧಿಶಕ್ತಿಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸವೇ ಕುಂಡಲಿಯಲ್ಲಿ ಕಾಣದಿದ್ದರೆ, ‘ಒಳಗೊಳಗೇ ನೊಂದುಕೊಳ್ಳುವ ಸ್ವಭಾವ’ದಂಥ ನವಿರಾದ ಸಂಗತಿ ಅಲ್ಲಿ ಹೇಗೆ ಕಂಡೀತು?

ಇಲ್ಲಿಗೆ ನಿಲ್ಲಿಸಿದರೆ ಇದು ವಿಚಾರವಾದಿಗಳ ಪರಿಚಿತ ವಾದವಾಗುತ್ತದೆ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಮೇಲ್ನೋಟಕ್ಕೆ ಜ್ಯೋತಿಷ್ಯದ ಪರವಾಗಿಯೇ ಬಂದ ಒಂದು ಫಲಿತಾಂಶ. 1978ರಲ್ಲಿ ಜ್ಯೋತಿಷಿ ಜೆಫ್ ಮೇಯೋ, ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್ ಮತ್ತು ಇನ್ನೊಬ್ಬ ಸಹಲೇಖಕ 2,324 ಜನರ ವ್ಯಕ್ತಿತ್ವ ಪರೀಕ್ಷೆಯನ್ನು ಅವರ ಸೂರ್ಯರಾಶಿಗೆ ಹೋಲಿಸಿ ನೋಡಿದಾಗ, ಮೇಷ, ಮಿಥುನ, ಸಿಂಹದಂಥ ಓಜ (ಬೆಸ) ರಾಶಿಯವರು ಬಹಿರ್ಮುಖಿಗಳಾಗಿಯೂ ವೃಷಭ, ಕರ್ಕಾಟಕದಂಥ ಯುಗ್ಮ (ಸಮ) ರಾಶಿಯವರು ಅಂತರ್ಮುಖಿಗಳಾಗಿಯೂ ಕಂಡರು. ವ್ಯತ್ಯಾಸ ಚಿಕ್ಕದು, ಆದರೆ ಜ್ಯೋತಿಷ್ಯ ಹೇಳಿದ ದಿಕ್ಕಿನಲ್ಲೇ ಇತ್ತು. ಐಸೆಂಕ್‌ಗೆ ಅನುಮಾನ ಬಂತು, ಯಾಕೆಂದರೆ ಪರೀಕ್ಷೆಗೆ ಒಳಗಾದವರು ಜ್ಯೋತಿಷ್ಯದಲ್ಲಿ ಆಸಕ್ತಿ ಇದ್ದವರು. ಮುಂದೆ ಮಕ್ಕಳನ್ನು, ರಾಶಿಗುಣಗಳ ಬಗ್ಗೆ ಏನೂ ಗೊತ್ತಿಲ್ಲದವರನ್ನು ನೋಡಿದಾಗ ಆ ಸಂಬಂಧ ಮಾಯವಾಯಿತು. ಸೂರ್ಯ ಅದೇ, ರಾಶಿ ಅದೇ. ಬದಲಾದದ್ದು ತನ್ನ ರಾಶಿಗೆ ಯಾವ ಗುಣ ಹೇಳಿದ್ದಾರೆಂಬ ತಿಳಿವಳಿಕೆ ಮಾತ್ರ. ‘ನೀವು ಜನರೊಡನೆ ಸುಲಭವಾಗಿ ಬೆರೆಯುತ್ತೀರಾ?’ ಎಂದು ಕೇಳಿದಾಗ ಜನ ತಮ್ಮ ನಡತೆಯನ್ನು ನೆನಪಿಸಿಕೊಳ್ಳುವ ಹೊತ್ತಿಗೆ ರಾಶಿಯ ಗುಣವೂ ನೆನಪಾಗಿ, ಅದಕ್ಕೆ ಹೊಂದುವ ಸಂದರ್ಭಗಳೇ ಮುಂದೆ ಬಂದು ನಿಲ್ಲುತ್ತವೆ.

ನಮ್ಮ ಮನೆಗಳಲ್ಲಿ ಆ ತಿಳಿವಳಿಕೆ ಬರುವುದು ಪುಸ್ತಕ ಓದಿ ಅಲ್ಲ, ತೊಟ್ಟಿಲಲ್ಲೇ. ಮಖಾ ನಕ್ಷತ್ರಕ್ಕೆ ಮ, ಮಿ, ಮು, ಮೆ ಎಂದು ಅಕ್ಷರ ನೋಡಿ ನಾಮಕರಣವಾಗುತ್ತದೆ. ಅಂದಿನಿಂದ ಅಜ್ಜಿ, ಅತ್ತೆ, ದೊಡ್ಡಮ್ಮ ಎಲ್ಲರ ಬಾಯಲ್ಲೂ ಮಗುವಿನ ವರ್ಣನೆ ಸಿದ್ಧ. ಹಟ ಮಾಡಿದರೆ ‘ಮಖೆ ಅಲ್ವಾ, ಬಿಡು, ಯಾರ ಮಾತೂ ಕೇಳಲ್ಲ’, ಸುಮ್ಮನೆ ಕೂತರೆ ‘ಶನಿ ಲಗ್ನದಲ್ಲೇ ಇದ್ದಾನೆ, ಅದಕ್ಕೇ ಮಂಕು’. ಎಲ್ಲ ಮಕ್ಕಳೂ ಹಟ ಮಾಡುತ್ತವೆ, ಎಲ್ಲ ಮಕ್ಕಳೂ ಒಮ್ಮೊಮ್ಮೆ ಸುಮ್ಮನೆ ಕೂರುತ್ತವೆ. ಒಂದು ಮಗುವಿನ ಹಟ ಮಾತ್ರ ನಕ್ಷತ್ರದ ಲೆಕ್ಕಕ್ಕೆ ಬೀಳುತ್ತದೆ, ಅದರ ಸೌಜನ್ಯ ಯಾವ ಲೆಕ್ಕಕ್ಕೂ ಬೀಳುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಕ್ರೌರ್ಯದ ಅಂಚು ಮುಟ್ಟುತ್ತದೆ. ಮೂಲಾ ನಕ್ಷತ್ರದವಳು ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ. ಪಾದ ನೋಡಿ ವಿನಾಯಿತಿ ಹೇಳುವ ಜೋಯಿಸರಿದ್ದಾರೆ, ಇದೆಲ್ಲ ಶಾಸ್ತ್ರವೇ ಅಲ್ಲ ಎನ್ನುವವರೂ ಇದ್ದಾರೆ. ಆದರೂ ಕೂಡಿಬಂದ ಸಂಬಂಧಗಳು ತಪ್ಪಿಹೋಗುತ್ತಲೇ ಇವೆ. ಎರಡು ಮೂರು ಕಡೆಯಿಂದ ‘ಜಾತಕ ಕೂಡಲಿಲ್ಲ’ ಎಂಬ ಮಾತು ಬಂದಮೇಲೆ ಹುಡುಗಿಗೆ ತನ್ನಲ್ಲೇ ಏನೋ ಕೇಡು ಇದೆ ಎನಿಸತೊಡಗುತ್ತದೆ. ಹಾಗೆ ಹುಟ್ಟಿದ ಅಳುಕನ್ನು ನೋಡಿದವರು ‘ಆ ನಕ್ಷತ್ರದವರು ಹಾಗೆಯೇ’ ಎನ್ನುತ್ತಾರೆ.

ಈ ಗುರುತು ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ವಿಷುವದಿಂದ ಎಣಿಸಿದ ಸಾಯನ ಸ್ಫುಟದಿಂದ, ನಕ್ಷತ್ರಗಳನ್ನು ಆಧರಿಸಿ ಎಣಿಸುವ ನಿರಯಣ ಸ್ಫುಟ ತೆಗೆಯಲು, ಎರಡರ ನಡುವಿನ ಅಂತರವಾದ ಅಯನಾಂಶವನ್ನು ಕಳೆಯಬೇಕು. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನ ನಂತರ ಲಾಹಿರಿ ಅಯನಾಂಶ ದೇಶದಲ್ಲಿ ಹೆಚ್ಚು ಬಳಕೆಗೆ ಬಂತು. ಬೆಂಗಳೂರಿನಲ್ಲಿದ್ದು ಲೋಕಪ್ರಸಿದ್ಧರಾದ ಬಿ. ವಿ. ರಾಮನ್ ಅವರ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ. ಲಾಹಿರಿ ಲೆಕ್ಕದಲ್ಲಿ ಚಂದ್ರ ಕರ್ಕಾಟಕದ 29 ಅಂಶದಲ್ಲಿದ್ದಾನೆ ಎನ್ನೋಣ. ಆಶ್ಲೇಷಾ ನಾಲ್ಕನೇ ಪಾದ, ಕರ್ಕಾಟಕ ರಾಶಿ, ಬುಧ ದಶೆಯ ಕೊನೆಯ ಭಾಗ. ರಾಮನ್ ಅಯನಾಂಶ ಹಿಡಿದರೆ ಅದೇ ಚಂದ್ರ ಗಡಿ ದಾಟಿ ಸಿಂಹಕ್ಕೆ ಬರುತ್ತಾನೆ. ಮಖಾ ಒಂದನೇ ಪಾದ, ಸಿಂಹ ರಾಶಿ, ಕೇತು ದಶೆಯ ಆರಂಭ. ಅತ್ತೆಗೆ ಆಗದ ಆಶ್ಲೇಷೆಯ ಹುಡುಗಿ ಯಾರ ಮಾತೂ ಕೇಳದ ಮಖೆಯ ಹುಡುಗಿಯಾದಳು. ನಾಮಾಕ್ಷರ ‘ಡೊ’ ಇದ್ದದ್ದು ‘ಮ’ ಆಯಿತು. ಒಂದು ನಕ್ಷತ್ರದ ವ್ಯಾಪ್ತಿ 13 ಅಂಶ 20 ಕಲೆ. ಹಾಗಾಗಿ ಸುಮಾರು ಒಂಬತ್ತು ಜನರಲ್ಲಿ ಒಬ್ಬರ ಜನ್ಮನಕ್ಷತ್ರ ಈ ಎರಡು ಲೆಕ್ಕಗಳಲ್ಲಿ ಬೇರೆ ಬೇರೆ. ನಕ್ಷತ್ರ ಬದಲಾಗದಿದ್ದರೂ, ಶುಕ್ರ ದಶೆಯಲ್ಲಿ ಹುಟ್ಟಿದವರಿಗೆ ಮುಂದಿನ ದಶೆಗಳೆಲ್ಲ ಎರಡು ವರ್ಷಕ್ಕೂ ಮಿಕ್ಕಿ ಹಿಂದೆ ಮುಂದೆ ಆಗುತ್ತವೆ. ಎರಡೂ ಪದ್ಧತಿಯಲ್ಲಿ ನುರಿತವರಿದ್ದಾರೆ, ಎರಡೂ ಕಡೆ ‘ಸರಿಯಾಗಿ ಹೇಳಿದರು’ ಎನ್ನುವ ಜನರಿದ್ದಾರೆ. ಗ್ರಹಗತಿಯ ಗಣಿತದ ಬಗ್ಗೆ ನನಗೆ ಅಪಾರ ಗೌರವವಿದೆ. ಗ್ರಹಣದ ಹೊತ್ತನ್ನು ಮೊದಲೇ ಬರೆದಿಡುವ ವಿದ್ಯೆ ಅದು. ಆದರೆ ಚಂದ್ರ ಎಲ್ಲಿದ್ದಾನೆ ಎಂಬುದು ಸರಿಯಾದ ಮಾತ್ರಕ್ಕೆ ಅವನು ಅಲ್ಲಿದ್ದುದರಿಂದ ಹುಡುಗಿಯ ಗುಣ ಇಂಥದು ಎನ್ನುವುದು ಸರಿಯಾಗುವುದಿಲ್ಲ.

ಇನ್ನೊಂದು ಆಕ್ಷೇಪವಿದೆ, ನಾನು ನಿಜಕ್ಕೂ ತಲೆಬಾಗುವುದು ಅದಕ್ಕೆ. ಕಷ್ಟದಲ್ಲಿರುವವರಿಗೆ ಜಾತಕ ಸಮಾಧಾನ ಕೊಡುತ್ತದೆ. ವ್ಯಾಪಾರ ಮುಳುಗಿದವನಿಗೆ ‘ಸಾಡೇಸಾತಿ ನಡೆಯುತ್ತಿದೆ, ಇನ್ನೊಂದು ವರ್ಷ ತಡೆದುಕೊಳ್ಳಿ’ ಎಂದರೆ ಅದರಲ್ಲಿ ಎರಡು ದೊಡ್ಡ ಉಪಕಾರಗಳಿವೆ: ತಪ್ಪೆಲ್ಲ ತನ್ನದೇ ಎಂಬ ಭಾರ ಇಳಿಯುತ್ತದೆ, ಕಷ್ಟಕ್ಕೊಂದು ಕೊನೆಯಿದೆ ಎಂದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬರು ಎದುರು ಕೂತು ಗಡಿಯಾರ ನೋಡದೆ ಇಡೀ ಕಥೆ ಕೇಳಿದ್ದಾರೆ. ಮನಸ್ಸಿನ ವೈದ್ಯರ ಬಳಿ ಹೋದರೆ ಜನ ಏನೆಂದುಕೊಂಡಾರು ಎಂಬ ಅಂಜಿಕೆ ಇರುವ ಊರಿನಲ್ಲಿ ಜೋಯಿಸರ ಜಗಲಿಗೆ ಹೋಗಲು ಯಾರಿಗೂ ಅಂಜಿಕೆಯಿಲ್ಲ. ಇದನ್ನು ಹಗುರವಾಗಿ ಕಾಣುವವರಿಗೆ ಜನರ ಸಂಕಟ ಗೊತ್ತಿಲ್ಲ. ಆದರೂ ಲೆಕ್ಕವನ್ನು ಮರೆಯುವಂತಿಲ್ಲ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ ಈ ಮೂರರಲ್ಲೂ ಶನಿ ಇರುವ ಕಾಲವೇ ಸಾಡೇಸಾತಿ. ಅಂದರೆ ಯಾವ ದಿನ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು, ಹೆಚ್ಚುಕಡಿಮೆ ಕಾಲುಭಾಗ ಜನ, ಅದರೊಳಗಿರುತ್ತಾರೆ. ಜನ್ಮರಾಶಿಯಿಂದ ಎಂಟರಲ್ಲಿ ಶನಿ ಇರುವ ಅಷ್ಟಮ ಶನಿ, ನಾಲ್ಕರಲ್ಲಿರುವ ಅರ್ಧಾಷ್ಟಮ ಶನಿ ಸೇರಿಸಿದರೆ ಐದು ರಾಶಿ. ಕಷ್ಟಕ್ಕೆ ಕಾರಣ ಹುಡುಕಿ ಹೋದವರಿಗೆ ಕಾರಣ ಸುಲಭವಾಗಿ ಸಿಗುವುದು ಹೀಗೆ. ವ್ಯಾಪಾರ ಮುಳುಗಿದ್ದು ಸಾಲದ ಬಡ್ಡಿಯಿಂದಲೋ ಪಾಲುದಾರನ ಮೋಸದಿಂದಲೋ ಆಗಿದ್ದರೆ, ಶನಿ ರಾಶಿ ಬಿಟ್ಟಮೇಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮನಸ್ಸು ಕುಸಿದವರ ವಿಷಯದಲ್ಲಂತೂ ‘ದಶೆ ಮುಗಿಯಲಿ’ ಎಂದು ಕಾಯುವುದು ಅಪಾಯ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ. ಜೋಯಿಸರು ತಮ್ಮ ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಅವರನ್ನು ನಂಬಿ ಬಂದವರಿಗೆ ದೊಡ್ಡ ಸಹಾಯ.

ಹಾಗಾದರೆ ಕುಂಡಲಿಯನ್ನು ಹರಿದು ಎಸೆಯಬೇಕೇ? ನನಗೆ ಹಾಗನ್ನಿಸುವುದಿಲ್ಲ. ಅರ್ಚನೆಯ ಸಂಕಲ್ಪಕ್ಕೆ ನಕ್ಷತ್ರ ಹೇಳುವುದು, ತಿಥಿ ನೋಡಿ ಹಿರಿಯರ ಕಾರ್ಯ ಮಾಡುವುದು ಇವೆಲ್ಲ ಮನೆತನದ ನಡೆ; ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಕಿವಿಗೆ ಮಾತ್ರ ಗುಣವರ್ಣನೆ ಬೀಳಬಾರದು. ದೊಡ್ಡವರು ತಮ್ಮನ್ನು ತಾವು ನೋಡಿಕೊಳ್ಳಲು ಜಾತಕ ಬಳಸುವುದಾದರೆ ಕ್ರಮವನ್ನು ತಿರುಗಿಸಬೇಕು ಎನ್ನುವುದು ನನ್ನ ಸಲಹೆ. ವಿಂಶೋತ್ತರಿ ದಶೆಯ ಪಟ್ಟಿಗೆ ಒಂದು ಸೊಗಸಿದೆ, ಅದು ಬದುಕನ್ನು ಆರು ವರ್ಷ, ಹತ್ತು ವರ್ಷ, ಹದಿನೆಂಟು ವರ್ಷದ ತುಂಡುಗಳಾಗಿ ಹಿಂದಿರುಗಿ ನೋಡಲು ಹಚ್ಚುತ್ತದೆ. ಆ ಪಟ್ಟಿಯನ್ನು ಮುಚ್ಚಿಟ್ಟು ಮೊದಲು ನಿಮ್ಮದೇ ಪಟ್ಟಿ ಬರೆಯಿರಿ: ಯಾವ ವರ್ಷ ಕೆಲಸ ಬಿಟ್ಟಿರಿ, ಯಾವ ವರ್ಷ ಯಾರೊಡನೆ ಮಾತು ನಿಂತಿತು, ಆ ಹೊತ್ತಿಗೆ ಮನೆಯ ಹಣಕಾಸು ಹೇಗಿತ್ತು, ನೀವು ನಿಜವಾಗಿ ಆಡಿದ ಮಾತೇನು. ಅದನ್ನು ನಿಮ್ಮನ್ನು ಚೆನ್ನಾಗಿ ಬಲ್ಲ, ಮುಖಸ್ತುತಿ ಮಾಡದ ಒಬ್ಬರಿಗೆ ತೋರಿಸಿ ತಿದ್ದಿಸಿ. ಆಮೇಲೆ ದಶೆಯ ಪಟ್ಟಿ ತೆರೆದು ಹೋಲಿಸಿ. ಹೊಂದಿದ ಜಾಗಗಳಿಗೆ ಗುರುತು ಹಾಕಿದಷ್ಟೇ ನಿಷ್ಠೆಯಿಂದ ಹೊಂದದ ಜಾಗಗಳಿಗೂ ಗುರುತು ಹಾಕಿ. ಬೇರೆ ಯಾರದಾದರೂ ದಶಾಪಟ್ಟಿಯನ್ನು ಹೆಸರು ಮರೆಸಿ ಪಕ್ಕದಲ್ಲಿಟ್ಟು, ಅದು ನಿಮ್ಮ ಬದುಕಿಗೆ ಎಷ್ಟು ಹೊಂದುತ್ತದೆ ಎಂದೂ ನೋಡಿ.